ಬೆಳ್ಳುಳ್ಳಿ ತಿಂದರೆ ಎದೆಹಾಲಿಗೆ ವಾಸನೆ ಬರುತ್ತಾ? ಮಗು ಹಾಲು ಬಿಟ್ಟುಬಿಡುತ್ತಾ?

ಮಲೆನಾಡ ಹುಡುಗಿ:

ಎಲ್ಲರಿಗೂ ನಮಸ್ಕಾರ. ಚೊಚ್ಚಲ ಹೆರಿಗೆ, ಬಾಣಂತನಕ್ಕೆ ತವರಿಗೆ ಬಂದಿದ್ದೇನೆ, ಸಾಗರದ ಹತ್ತಿರ. ಮಗಳಿಗೆ ಎರಡು ತಿಂಗಳು ತುಂಬುತ್ತಾ ಬಂತು. ಬರೀ ಎದೆಹಾಲು, ಬೇರೆ ಏನೂ ಕೊಡುತ್ತಿಲ್ಲ.

ಅಮ್ಮ ಹಳೇ ಕ್ರಮದಲ್ಲೇ ಅಡುಗೆ ಮಾಡುತ್ತಾರೆ. ಬೆಳಗ್ಗೆ ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ, ಮಧ್ಯಾಹ್ನ ಬಿಸಿ ಅನ್ನಕ್ಕೆ ಕಾಳುಮೆಣಸಿನ ಸಾರು, ರಾತ್ರಿ ಸಬ್ಬಸಿಗೆ ಸೊಪ್ಪಿನ ಪಲ್ಯ, ನಡುನಡುವೆ ಜೀರಿಗೆ ಕಷಾಯ. ಮೊನ್ನೆ ದೊಡ್ಡಮ್ಮ ಮಗು ನೋಡೋಕೆ ಬಂದವರು ನನ್ನ ತಟ್ಟೆ ನೋಡಿ "ಇಷ್ಟು ಬೆಳ್ಳುಳ್ಳಿ ತಿಂದ್ರೆ ಹಾಲೆಲ್ಲ ನಾರುತ್ತೆ ಕಣೇ, ಕೂಸು ಮೊಲೆ ಹಿಡಿಯೋದೇ ಬಿಡುತ್ತೆ" ಅಂದುಬಿಟ್ಟರು. ಅಮ್ಮ "ಬೆಳ್ಳುಳ್ಳಿ ತಿಂದ್ರೇನೇ ಹಾಲು ಬರೋದು" ಅನ್ನುತ್ತಾರೆ. ಅತ್ತೆ ಫೋನಿನಲ್ಲಿ "ಹಸಿಮೆಣಸಿನಕಾಯಿ ಮುಟ್ಟಬೇಡ, ಮಗುವಿಗೆ ಖಾರ ಹೋಗುತ್ತೆ" ಅನ್ನುತ್ತಾರೆ. ಮೂವರದ್ದೂ ಕಾಳಜಿಯೇ. ಆದರೆ ಮೂವರ ಮಾತೂ ಕೇಳಿದರೆ ನನಗೆ ತಿನ್ನೋಕೆ ಉಳಿಯುವುದು ಅನ್ನ ತುಪ್ಪ ಮಾತ್ರ.

ಇದನ್ನು ತಲೆಗೆ ಹಚ್ಚಿಕೊಳ್ಳುತ್ತಿರಲಿಲ್ಲ, ಆದರೆ ಈಗ ಕೆಲವು ದಿನದಿಂದ ಸಂಜೆ ಹೊತ್ತು ಮಗು ಸರಿಯಾಗಿ ಕುಡಿಯುತ್ತಿಲ್ಲ. ಬಾಯಿಗೆ ಹಿಡಿದುಕೊಳ್ಳುತ್ತಾಳೆ, ಎರಡು ಗುಟುಕು ಕುಡಿಯುತ್ತಾಳೆ, ಬಿಟ್ಟು ಬೆನ್ನು ಬಿಲ್ಲಿನ ಹಾಗೆ ಬಗ್ಗಿಸಿ ಅಳುತ್ತಾಳೆ, ಮತ್ತೆ ಹುಡುಕುತ್ತಾಳೆ. ಬೆಳಗ್ಗೆ ಮತ್ತು ರಾತ್ರಿ ಏನೂ ತೊಂದರೆ ಇಲ್ಲ. ಹಲ್ಲಿನ ಡಾಕ್ಟರ್ ಹತ್ತಿರ ಹೋಗಬೇಕಿತ್ತು ಅಂತ ಸ್ವಲ್ಪ ಹಾಲು ಹಿಂಡಿ ಫ್ರಿಜ್‌ನಲ್ಲಿ ಇಟ್ಟಿದ್ದೆ. ಮರುದಿನ ಮೂಸಿದರೆ ಸೋಪಿನ ವಾಸನೆ! ಅದನ್ನು ಚೆಲ್ಲಿದೆ.

ನಾವು ತಿಂದಿದ್ದು ನಿಜಕ್ಕೂ ಹಾಲಿನ ರುಚಿಗೆ ಬರುತ್ತಾ? ಬಂದರೆ ಎಷ್ಟು ಹೊತ್ತು ಇರುತ್ತದೆ? ಏನಾದರೂ ಬಿಡಬೇಕಾ? ಗೊತ್ತಿರುವವರು ಬಿಡಿಸಿ ಹೇಳಿ, ಪ್ಲೀಸ್.

ವಾರ್ಡ್ ಸಿಸ್ಟರ್:

ಮೊದಲು ಒಂದು ಮಾತು. ಬೆಳಗ್ಗೆ ರಾತ್ರಿ ಚೆನ್ನಾಗಿ ಕುಡಿದು ಸಂಜೆ ಮಾತ್ರ ರಗಳೆ ಮಾಡುವ ಎರಡು ತಿಂಗಳ ಮಗು ನಾವು ದಿನಾ ನೋಡುವ ಮಗು. ಹೆರಿಗೆ ವಾರ್ಡಿನಲ್ಲೂ ಲಸಿಕೆ ಕೊಠಡಿಯಲ್ಲೂ ಕೆಲಸ ಮಾಡಿದ್ದೇನೆ, ಈ ವಯಸ್ಸಿನ ಮಕ್ಕಳ ಅಮ್ಮಂದಿರು ಹೇಳುವುದು ಇದನ್ನೇ. ಈ ಸಂಜೆಯ ಅಳು ಸಾಮಾನ್ಯವಾಗಿ ಆರು ವಾರದ ಸುಮಾರಿಗೆ ಜೋರಾಗುತ್ತದೆ, ಮೂರು ನಾಲ್ಕು ತಿಂಗಳಿಗೆ ತಾನಾಗಿ ಇಳಿಯುತ್ತದೆ. ಸಂಜೆ ಹಾಲಿನ ಹರಿವು ಕೊಂಚ ನಿಧಾನ ಇರುತ್ತದೆ, ಮಗುವಿಗೆ ದಿನದ ಸುಸ್ತು, ಸದ್ದು, ಬೆಳಕು ಎಲ್ಲ ಸೇರಿರುತ್ತದೆ. ಬೆಳ್ಳುಳ್ಳಿ ತಿನ್ನದ ಅಮ್ಮಂದಿರ ಮಕ್ಕಳೂ ಹೀಗೇ ಅಳುತ್ತವೆ. ನೀವು ಬೆಳ್ಳುಳ್ಳಿ ತಿನ್ನುವುದು ಬೆಳಗ್ಗೆ ಅಂತೀರಿ, ಬೆಳಗ್ಗೆ ಮಗು ಚೆನ್ನಾಗಿ ಕುಡಿಯುತ್ತದೆ ಅಂತಲೂ ಅಂತೀರಿ. ಇನ್ನೇನು ಬೇಕು?

ದೀಪ ಸಣ್ಣದು ಮಾಡಿ, ಬಂದವರನ್ನೆಲ್ಲ ಹೊರಗೆ ಕೂರಿಸಿ, ಮಗುವಿನ ಬಟ್ಟೆ ಸಡಿಲ ಮಾಡಿ ನಿಮ್ಮ ಎದೆಗೆ ಮೈ ತಾಗುವ ಹಾಗೆ ಹಿಡಿದುಕೊಳ್ಳಿ. ಒಂದು ಕಡೆ ಬಿಟ್ಟರೆ ಇನ್ನೊಂದು ಕಡೆ ಕೊಡಿ. ಸಂಜೆ ಅರ್ಧ ಗಂಟೆಗೊಮ್ಮೆ ಕೇಳಿದರೂ ಕೊಡಿ.

ಇನ್ನು ಸೋಪಿನ ವಾಸನೆ. ಅದಕ್ಕೂ ನಿಮ್ಮ ಊಟಕ್ಕೂ ಸಂಬಂಧ ಇಲ್ಲ. ಎದೆಹಾಲಿನಲ್ಲಿ ಲೈಪೇಸ್ ಅನ್ನುವ ಕಿಣ್ವ ಇರುತ್ತದೆ, ಹಾಲಿನ ಕೊಬ್ಬನ್ನು ಮಗುವಿಗೆ ಜೀರ್ಣ ಮಾಡಿಕೊಡುವುದು ಅದರ ಕೆಲಸ. ಹಾಲು ಫ್ರಿಜ್‌ನಲ್ಲಿ ಇದ್ದರೂ ಅದು ಕೆಲಸ ನಿಲ್ಲಿಸುವುದಿಲ್ಲ. ಕೊಬ್ಬು ಒಡೆದು ಬಿಡುಗಡೆಯಾಗುವ ಆಮ್ಲಗಳದ್ದೇ ಆ ಸೋಪಿನ ವಾಸನೆ. ಕೆಲವರ ಹಾಲಿನಲ್ಲಿ ಬೇಗ ಬರುತ್ತದೆ, ಕೆಲವರದ್ದರಲ್ಲಿ ಗೊತ್ತೇ ಆಗುವುದಿಲ್ಲ. ಆ ಹಾಲು ಕೆಟ್ಟಿರುವುದಿಲ್ಲ, ಮಗು ಕುಡಿದರೆ ಕೊಡಬಹುದು. ಮುಂದಿನ ಸಲ ದಯವಿಟ್ಟು ಚೆಲ್ಲಬೇಡಿ, ಕಷ್ಟಪಟ್ಟು ಹಿಂಡಿದ ಹಾಲು ಅಲ್ವಾ. ಮಗು ಅದನ್ನು ಖಂಡಿತ ಒಲ್ಲೆ ಅಂದರೆ ಮಾತ್ರ, ಹಿಂಡಿದ ತಕ್ಷಣ ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆ ಏಳುವಷ್ಟು ಬಿಸಿ ಮಾಡಿ, ಕುದಿಸದೆ, ಬೇಗ ತಣ್ಣಗೆ ಮಾಡಿ ಫ್ರಿಜ್‌ಗೆ ಇಡಿ. ವಾಸನೆ ಬಂದ ಮೇಲೆ ಬಿಸಿ ಮಾಡಿದರೆ ಪ್ರಯೋಜನ ಇಲ್ಲ. ಬಿಸಿ ಮಾಡಿದರೆ ಹಾಲಿನ ರೋಗನಿರೋಧಕ ಅಂಶ ಸ್ವಲ್ಪ ಕಡಿಮೆಯಾಗುತ್ತದೆ, ಆದ್ದರಿಂದ ಸುಮ್ನೆ ಮಾಡಬೇಡಿ.

ಹಾಲಿನ ರುಚಿ ನಿಜವಾಗಿ ಕೆಟ್ಟು ಮಗು ಬಿಡುವುದು ಒಂದು ಸಂದರ್ಭದಲ್ಲಿ. ಎದೆ ಕಟ್ಟಿ, ಒಂದು ಕಡೆ ಕೆಂಪಾಗಿ, ಬಿಸಿಯಾಗಿ, ನೋವು, ಜ್ವರ ಬಂದರೆ ಆ ಕಡೆಯ ಹಾಲಿನಲ್ಲಿ ಸೋಡಿಯಂ ಜಾಸ್ತಿಯಾಗಿ ಹಾಲು ಉಪ್ಪುಪ್ಪಾಗುತ್ತದೆ. ಮಗು ಒಂದೇ ಕಡೆ ಬೇಡ ಅಂದರೆ ಎದೆ ಮುಟ್ಟಿ ನೋಡಿಕೊಳ್ಳಿ. ಹಾಗಿದ್ದರೂ ಕುಡಿಸುವುದು ನಿಲ್ಲಿಸಬಾರದು, ಡಾಕ್ಟರಿಗೆ ತೋರಿಸಬೇಕು. ಹಾಗೆಯೇ ಮಗು ಉಚ್ಚೆ ಮಾಡುವುದು ಕಡಿಮೆಯಾದರೆ, ಮಲದಲ್ಲಿ ರಕ್ತ ಕಂಡರೆ, ಮೈ ಬಿಸಿಯಾದರೆ, ಎಬ್ಬಿಸಿದರೂ ಏಳದ ಹಾಗೆ ಮಂಕಾದರೆ ಇಲ್ಲಿ ಬರೆಯುತ್ತಾ ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಧಾರವಾಡದ ಆಯಿ:

ತಂಗಿ, ನಿಮ್ಮ ಅಮ್ಮ ಮಾಡಿ ಹಾಕುತ್ತಿರುವುದು ಸರಿ ಇದೆ, ಸಂತೋಷವಾಗಿ ಊಟ ಮಾಡು. ನಮ್ಮ ಕಡೆ ಬಾಣಂತಿಗೆ ಅಳವಿ ಪಾಯಸ, ಅಂಟಿನ ಉಂಡಿ, ಸಬ್ಬಸಗಿ ಪಲ್ಯ, ಬಳ್ಳೊಳ್ಳಿ ಚಟ್ನಿ. ನನ್ನ ಇಬ್ಬರು ಹೆಣ್ಣುಮಕ್ಕಳ ಬಾಣಂತನ ಮಾಡಿದ್ದೇನೆ, ಸೊಸೆಯದ್ದೂ ಮಾಡಿದ್ದೇನೆ. ಬಳ್ಳೊಳ್ಳಿ ತಿಂದ ದಿನ ಮಗು ಹಾಲು ಬಿಟ್ಟಿದ್ದನ್ನು ನಾನಂತೂ ನೋಡಿಲ್ಲ.

ಆದರೆ ತಿಂದದ್ದು ಹಾಲಿಗೆ ಬರುವುದಿಲ್ಲ ಅಂತ ಹೇಳುವವರ ಮಾತನ್ನೂ ನಾನು ಒಪ್ಪುವುದಿಲ್ಲ. ದನ ಸಾಕಿದವರಿಗೆ ಇದು ಗೊತ್ತಿರುವ ವಿಷಯ. ಹಸಿಮೇವು ಇಲ್ಲದ ಕಾಲದಲ್ಲಿ ಎಮ್ಮೆ ಬದುವಿನ ಮೇಲಿನ ಕಾಂಗ್ರೆಸ್ ಕಸ ಮೇಯ್ದು ಬಂದರೆ ಹಾಲು ಕಹಿ ಆಗುತ್ತದೆ. ಕಾಸಿದರೂ ಹೋಗುವುದಿಲ್ಲ, ಚಹಾ ಮಾಡಿದರೆ ಮೊದಲ ಗುಟುಕಿಗೇ ಗೊತ್ತಾಗುತ್ತದೆ. ಎಮ್ಮೆಗೆ ಆಗುವುದು ನಮಗೆ ಆಗುವುದಿಲ್ಲ ಅಂದರೆ ಹೇಗೆ? ಬರುತ್ತದೆ. ಬಂದರೆ ಏನು ಕೆಟ್ಟದ್ದಾಯಿತು ಅನ್ನುವುದು ನನ್ನ ಪ್ರಶ್ನೆ.

ನನಗೆ ಸಿಟ್ಟು ಬರುವುದು ಬೇರೆ ಒಂದಕ್ಕೆ. ಬಾಣಂತಿಗೆ ನೀರು ಕೊಡಬಾರದು, ಮೊಸರು ಕೊಡಬಾರದು, ಹಣ್ಣು ಕೊಡಬಾರದು, ಬದನೆಕಾಯಿ ಮೂಲಂಗಿ ಮುಟ್ಟಬಾರದು ಅಂತ ಪಟ್ಟಿ ಮಾಡುವವರಿದ್ದಾರಲ್ಲ, ಅದು ತಪ್ಪು. ಹಾಲು ಆಗುವುದು ಎಲ್ಲಿಂದ? ನನ್ನ ಬಾಣಂತನದಲ್ಲಿ ಬಾಯಿ ಒಣಗಿ ನಾಲಿಗೆ ಅಂಟುತ್ತಿತ್ತು, ಒಂದು ಲೋಟ ನೀರಿಗೆ ಕಾಡಬೇಕಾಗಿತ್ತು. ನನ್ನ ಮಕ್ಕಳಿಗೆ ನಾನು ಹಾಗೆ ಮಾಡಲಿಲ್ಲ. ಬಾಯಾರಿದಷ್ಟು ನೀರು ಕುಡಿ. ಕೊಡುವ ಪದ್ಧತಿ ಇಟ್ಟುಕೊಳ್ಳಿ, ಕಿತ್ತುಕೊಳ್ಳುವ ಪದ್ಧತಿ ಬಿಡಿ.

ಅಡುಗೆಮನೆ ಕೆಮಿಸ್ಟ್ರಿ:

ಆಯಿ ಹೇಳಿದ್ದು ಸರಿಯಾಗಿದೆ, ಅದಕ್ಕೆ ಲೆಕ್ಕಾಚಾರ ಸೇರಿಸುತ್ತೇನೆ. ನಾನು ಮೈಸೂರಿನಲ್ಲಿ ಆಹಾರ ವಿಜ್ಞಾನ ಓದಿದವಳು, ಈಗ ಎರಡು ವರ್ಷದ ಮಗನ ಅಮ್ಮ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಹಾಲು ತಯಾರಾಗುವುದು ರಕ್ತದಿಂದ, ಹೊಟ್ಟೆಯಿಂದ ನೇರವಾಗಿ ಅಲ್ಲ. ನೀವು ತಿಂದದ್ದು ಜೀರ್ಣವಾಗಿ ಅದರಲ್ಲಿರುವ ಸಣ್ಣ ಸಣ್ಣ ವಾಸನೆಯ ಅಣುಗಳು ರಕ್ತಕ್ಕೆ ಸೇರುತ್ತವೆ. ಅವುಗಳಲ್ಲಿ ಕೊಬ್ಬಿನಲ್ಲಿ ಕರಗುವಂಥವು ಸುಲಭವಾಗಿ ಹಾಲಿಗೆ ದಾಟುತ್ತವೆ. ರಕ್ತದಲ್ಲಿ ಕಡಿಮೆಯಾದ ಹಾಗೆ ಹಾಲಿನಿಂದಲೂ ವಾಪಸ್ ಹೋಗುತ್ತವೆ. ಹಾಗಾಗಿ ವಾಸನೆ ಬರುತ್ತದೆ, ಹೋಗುತ್ತದೆ, ಅಲ್ಲೇ ಕೂರುವುದಿಲ್ಲ. ಹಾಲಿನ ಮೂಲ ರುಚಿ ಏನೂ ಬದಲಾಗುವುದಿಲ್ಲ. ಅದು ಸಿಹಿಯೇ, ಸುಮಾರು 7% ಲ್ಯಾಕ್ಟೋಸ್ ಇರುತ್ತದೆ, ನೀವು ಹಾಗಲಕಾಯಿ ಗೊಜ್ಜು ತಿಂದರೂ ಅಷ್ಟೇ ಇರುತ್ತದೆ. ಬದಲಾಗುವುದು ಮುಖ್ಯವಾಗಿ ಪರಿಮಳ.

ಬೆಳ್ಳುಳ್ಳಿಯನ್ನೇ ತೆಗೆದುಕೊಳ್ಳಿ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಮೊನೆಲ್ ಅಂತ ರುಚಿ ಮತ್ತು ವಾಸನೆಯ ಬಗ್ಗೆಯೇ ಕೆಲಸ ಮಾಡುವ ಸಂಸ್ಥೆ ಇದೆ. ಅಲ್ಲಿಯ ಜೂಲಿ ಮೆನೆಲ್ಲಾ ಮತ್ತು ಗ್ಯಾರಿ ಬೋಶಾಂಪ್ 1991ರಲ್ಲಿ ಹಾಲುಣಿಸುವ ತಾಯಂದಿರಿಗೆ ಬೆಳ್ಳುಳ್ಳಿ ಕ್ಯಾಪ್ಸೂಲ್ ಕೊಟ್ಟು ನೋಡಿದರು. ಹಾಲಿನ ಮಾದರಿಗಳನ್ನು ಬೇರೆಯವರಿಗೆ ಮೂಸಲು ಕೊಟ್ಟಾಗ, ತಿಂದ ಸುಮಾರು ಎರಡು ಗಂಟೆಗೆ ವಾಸನೆ ಅತಿ ಜೋರಾಗಿ, ಆಮೇಲೆ ಇಳಿಯಿತು. ನಿಮ್ಮ ದೊಡ್ಡಮ್ಮ ಹೇಳಿದ್ದರಲ್ಲಿ ಅರ್ಧ ನಿಜ, ವಾಸನೆ ಬರುತ್ತದೆ. ಉಳಿದರ್ಧ ಪೂರ್ತಿ ತಿರುವುಮುರುವು. ಬೆಳ್ಳುಳ್ಳಿ ವಾಸನೆಯ ಹಾಲು ಸಿಕ್ಕಾಗ ಮಕ್ಕಳು ಮೊಲೆಯನ್ನು ಬಿಡಲಿಲ್ಲ, ಇನ್ನೂ ಹೆಚ್ಚು ಹೊತ್ತು ಹಿಡಿದುಕೊಂಡಿದ್ದರು, ಜಾಸ್ತಿ ಚೀಪಿದರು.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಆ ತಾಯಂದಿರಿಗೆ ಪ್ರಯೋಗಕ್ಕೆ ಮೊದಲು ಸಪ್ಪೆ ಊಟ ಮಾಡಲು ಹೇಳಿದ್ದರು, ಅಂದರೆ ಮಕ್ಕಳಿಗೆ ಆ ವಾಸನೆ ಹೊಸದು. ಅದೇ ಗುಂಪು 1993ರಲ್ಲಿ ಮತ್ತೆ ನೋಡಿದಾಗ, ಮೊದಲೇ ಬೆಳ್ಳುಳ್ಳಿ ಅಭ್ಯಾಸ ಆಗಿದ್ದ ಮಕ್ಕಳಲ್ಲಿ ಈ ಹೆಚ್ಚುವರಿ ಉತ್ಸಾಹ ಕಾಣಲಿಲ್ಲ. ನಿಮ್ಮ ಮಗಳು ದಿನಾ ಬೆಳ್ಳುಳ್ಳಿ ಹಾಲು ಕುಡಿಯುವವಳು, ಅವಳಿಗೆ ಅದು ಮನೆಯ ವಾಸನೆ ಅಷ್ಟೇ. ಅದಕ್ಕೆ ಹೆದರಿ ಓಡುವ ಕಾರಣವೇ ಇಲ್ಲ.

ಹಾಗೆ ನೋಡಿದರೆ ಪರಿಚಯ ಹುಟ್ಟುವ ಮೊದಲೇ ಆಗಿರುತ್ತದೆ. 1995ರಲ್ಲಿ ಇವರೇ ಗರ್ಭಿಣಿಯರ ಗರ್ಭದ ನೀರಿನ ಮಾದರಿ ಮೂಸಿಸಿ ನೋಡಿದರು, ಬೆಳ್ಳುಳ್ಳಿ ಕ್ಯಾಪ್ಸೂಲ್ ತಿಂದವರ ನೀರಿನಲ್ಲಿ ಬಹುಪಾಲು ಸಲ ವಾಸನೆ ಸಿಕ್ಕಿತು. ಮಗು ಆ ನೀರನ್ನು ನುಂಗುತ್ತಲೇ ಬೆಳೆಯುತ್ತದೆ. ಬಸುರಿಯಾಗಿದ್ದಾಗ ಒಗ್ಗರಣೆ ತಿಂದಿದ್ದೀರಿ ಅಲ್ವಾ, ಅವಳಿಗೆ ಆಗಲೇ ಗೊತ್ತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 2001ರ ಕ್ಯಾರೆಟ್ ಪ್ರಯೋಗ. ಕೆಲವು ತಾಯಂದಿರು ಬಸುರಿನ ಕೊನೆಯ ಮೂರು ತಿಂಗಳಲ್ಲಿ, ಇನ್ನು ಕೆಲವರು ಹಾಲುಣಿಸುವ ಮೊದಲ ಎರಡು ತಿಂಗಳಲ್ಲಿ, ವಾರಕ್ಕೆ ನಾಲ್ಕು ದಿನದಂತೆ ಮೂರು ವಾರ 300 ಮಿಲಿಲೀಟರ್ ಕ್ಯಾರೆಟ್ ರಸ ಕುಡಿದರು. ಮೂರನೇ ಗುಂಪಿಗೆ ಎರಡೂ ಕಾಲದಲ್ಲಿ ಬರೀ ನೀರು. ಮಕ್ಕಳು ಗಟ್ಟಿ ಆಹಾರ ತಿನ್ನುವ ವಯಸ್ಸಿಗೆ ಬಂದಾಗ ಕ್ಯಾರೆಟ್ ರುಚಿಯ ಗಂಜಿ ಕೊಟ್ಟು ಮುಖ ನೋಡಿದರು. ಅಮ್ಮನ ಮೂಲಕ ಕ್ಯಾರೆಟ್ ರುಚಿ ಕಂಡಿದ್ದ ಮಕ್ಕಳು ಮುಖ ಸಿಂಡರಿಸಿದ್ದು ಕಡಿಮೆ. ನಿಮಗೆ ಇದರ ಅರ್ಥ ಏನು ಅಂದರೆ, ಈಗ ನೀವು ತಿನ್ನುವ ಸಬ್ಬಸಿಗೆ, ಮೆಂತ್ಯ ಸೊಪ್ಪು, ಬೀನ್ಸ್, ನುಗ್ಗೆ ಸೊಪ್ಪು ಎಲ್ಲ ಅವಳ ಮುಂದಿನ ಊಟಕ್ಕೆ ಮಾಡುವ ತಯಾರಿ. ಡಬ್ಬಿ ಹಾಲಿನ ರುಚಿ ದಿನವೂ ಒಂದೇ, ಎದೆಹಾಲಿನದ್ದು ದಿನಕ್ಕೊಂದು ಥರ. ಅದು ದೋಷ ಅಲ್ಲ, ಅದೇ ಅದರ ಹೆಚ್ಚುಗಾರಿಕೆ. (ಡಬ್ಬಿ ಹಾಲು ಕೊಡಲೇಬೇಕಾದ ಅಮ್ಮಂದಿರು ಇದನ್ನು ಓದಿ ಬೇಜಾರು ಮಾಡಿಕೊಳ್ಳಬೇಡಿ. ಮಗುವಿಗೆ ಊಟ ಶುರು ಮಾಡಿದ ಮೇಲೆ ಒಂದೇ ತರಕಾರಿಯನ್ನು ಎಂಟು ಹತ್ತು ಸಲ ಬಿಡದೆ ರುಚಿ ತೋರಿಸಿದರೆ ಹೆಚ್ಚಿನ ಮಕ್ಕಳು ಒಪ್ಪಿಕೊಳ್ಳುತ್ತಾರೆ.)

ಎಷ್ಟು ಹೊತ್ತು ಇರುತ್ತದೆ ಅಂತ ಕೇಳಿದ್ದಿರಿ. 2008ರಲ್ಲಿ ಕೋಪನ್‌ಹೇಗನ್‌ನವರು ನಾಲ್ಕು ಬಗೆಯ ವಾಸನೆ ಕೊಟ್ಟು ಹಾಲನ್ನು ಅಳೆದರು. ಬಾಳೆಹಣ್ಣಿನ ವಾಸನೆ ಕೊಡುವ ವಸ್ತು ಒಂದು ಗಂಟೆಯೊಳಗೆ ಬಂದು ಹೋಯಿತು. ಸೋಂಪಿನಲ್ಲಿರುವ ಅನೆಥೋಲ್, ಹಾಗೆಯೇ ಕಾರ್ವೋನ್, ಎರಡೂ ಎರಡು ಗಂಟೆಯ ಸುಮಾರಿಗೆ ಗರಿಷ್ಠ ಮಟ್ಟಕ್ಕೆ ಏರಿದವು. ಸಬ್ಬಸಿಗೆ ಬೀಜದ ಘಮಕ್ಕೆ ಮುಖ್ಯ ಕಾರಣ ಈ ಕಾರ್ವೋನ್. ಮೆಂಥಾಲ್ ಇನ್ನೂ ನಿಧಾನ, ಹಲವು ಗಂಟೆ ಉಳಿಯಿತು. ತಾಯಿಯಿಂದ ತಾಯಿಗೆ ವ್ಯತ್ಯಾಸ ಬಹಳ ಇತ್ತು, ಹಾಗಾಗಿ "ತಿಂದ ಇಷ್ಟು ಗಂಟೆ ಆದ ಮೇಲೆ ಕುಡಿಸು" ಅಂತ ಯಾರಾದರೂ ಗಡಿಯಾರ ತೋರಿಸಿದರೆ ಕೇಳಬೇಡಿ.

ಬಿಡಬೇಕಾದದ್ದು ಅಂದರೆ ಮದ್ಯ. ನಮ್ಮಲ್ಲೂ ಕೆಲವು ಕಡೆ ಮೈ ಬಿಸಿ ಇರಲಿ ಅಂತ ಬಾಣಂತಿಗೆ ಬ್ರಾಂಡಿ ಕೊಡುವ ರೂಢಿ ಇದೆ. ಅದೂ 1991ರಲ್ಲೇ ಗೊತ್ತಾದ ವಿಷಯ, ಕುಡಿದ ಅರ್ಧದಿಂದ ಒಂದು ಗಂಟೆಯಲ್ಲಿ ಹಾಲಿನ ವಾಸನೆ ಬದಲಾಗುತ್ತದೆ, ಮಕ್ಕಳು ಅವತ್ತು ಕುಡಿಯುವ ಹಾಲೇ ಕಡಿಮೆಯಾಗುತ್ತದೆ. ಯಾರೇ ಪ್ರೀತಿಯಿಂದ ಕೊಟ್ಟರೂ ಬೇಡ ಅನ್ನಿ.

ಮ್ಯೂನಿಕ್ ಕನ್ನಡಿಗ:

ಅಪ್ಪಂದಿರೂ ಇಲ್ಲಿ ಬರೆಯಬಹುದು ಅಂದುಕೊಂಡಿದ್ದೇನೆ. ಅತ್ತೆಯವರ ಖಾರದ ಪ್ರಶ್ನೆಗೆ ಉತ್ತರ ನಾವಿರುವ ಊರಿನಲ್ಲೇ ಸಿಕ್ಕಿದೆ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದವರು ಹಾಲುಣಿಸುವ ತಾಯಂದಿರಿಗೆ ಮಸಾಲೆ ಹಾಕಿದ ಕರಿ ಊಟ ಕೊಟ್ಟು, ಆಮೇಲೆ ಹಾಲು ಪರೀಕ್ಷೆ ಮಾಡಿ, 2021ರಲ್ಲಿ ಪ್ರಕಟಿಸಿದರು. ಮೆಣಸಿನಕಾಯಿಯ ಖಾರದ ಅಂಶ ಕ್ಯಾಪ್ಸೈಸಿನ್ ಹಾಲಿನಲ್ಲಿ ಸಿಗಲಿಲ್ಲ. ಅರಿಶಿನದ ಕರ್ಕ್ಯುಮಿನ್ ಸಿಗಲಿಲ್ಲ. ಶುಂಠಿಯ ಖಾರ ಜಿಂಜೆರಾಲ್ ಕೂಡ ಸಿಗಲಿಲ್ಲ. ಸಿಕ್ಕಿದ್ದು ಒಂದೇ, ಕಾಳುಮೆಣಸಿನ ಪೈಪೆರಿನ್. ಊಟವಾದ ಒಂದು ಗಂಟೆಯೊಳಗೆ ಹಾಲಿಗೆ ಬಂದಿತ್ತು, ಲೀಟರಿಗೆ 14ರಿಂದ 57 ಮೈಕ್ರೋಗ್ರಾಂ. ನಾಲಿಗೆಗೆ ಖಾರ ಅನ್ನಿಸಬೇಕಾದರೆ ಇದರ ಎಪ್ಪತ್ತು ಪಟ್ಟಿಗಿಂತಲೂ ಜಾಸ್ತಿ ಬೇಕು. ಅಂದರೆ ಮಗುವಿಗೆ ಖಾರ ತಾಗುವ ಪ್ರಶ್ನೆ ಇಲ್ಲ.

ನನಗೆ ಇದನ್ನು ಓದಿ ಬಹಳ ಖುಷಿಯಾಯಿತು. ನಮ್ಮ ಮನೆಗಳಲ್ಲಿ ಬಾಣಂತಿಗೆ ಮೆಣಸಿನಕಾಯಿ ಬೇಡ, ಕಾಳುಮೆಣಸು ಕೊಡಿ ಅನ್ನುತ್ತಾರಲ್ಲ, ಹಾಲಿಗೆ ದಾಟುವುದು ಆ ಕಾಳುಮೆಣಸೇ! ಹಾಗಂತ ಮೆಣಸಿನ ಸಾರು ನಿಲ್ಲಿಸಬೇಡಿ, ಹೆಂಡತಿಯ ಬಾಣಂತನಕ್ಕೆ ಅಮ್ಮ ಇಲ್ಲಿಗೆ ಬಂದಿದ್ದಾಗ ಇಡೀ ಮನೆ ಆ ಸಾರಿನ ಮೇಲೇ ಬದುಕಿತ್ತು. ಮಗ ಚೆನ್ನಾಗಿದ್ದಾನೆ.

ಮಲೆನಾಡ ಹುಡುಗಿ:

ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಅಮ್ಮನಿಗೆ ಪೂರ್ತಿ ಓದಿ ಹೇಳಿದೆ, ದೊಡ್ಡಮ್ಮನಿಗೂ ಹೇಳಬೇಕು. ಸಂಜೆ ದೀಪ ಸಣ್ಣದು ಮಾಡಿ ಕೋಣೆ ಬಾಗಿಲು ಹಾಕಿ ಕುಡಿಸಿದೆ, ಅಳು ಪೂರ್ತಿ ನಿಂತಿಲ್ಲ, ಆದರೆ ಕಡಿಮೆ ಇದೆ. ಉಚ್ಚೆ ಚೆನ್ನಾಗಿ ಮಾಡುತ್ತಾಳೆ, ಜ್ವರ ಏನೂ ಇಲ್ಲ.

ಇನ್ನು ಮೂರು ಸಣ್ಣ ಪ್ರಶ್ನೆ. ಎಲೆಕೋಸು, ಆಲೂಗೆಡ್ಡೆ, ಬೇಳೆ ತಿಂದರೆ ಮಗುವಿಗೆ ಗ್ಯಾಸ್ ಆಗುತ್ತದೆ ಅಂತಾರಲ್ಲ, ಅದು? ಹಾಲು ಮೊಸರು ತಿನ್ನಬಹುದಾ? ಕಾಫಿ? ಕಾಫಿ ಬಿಟ್ಟು ಇರೋಕೆ ನಿಜಕ್ಕೂ ಆಗುತ್ತಿಲ್ಲ.

ಮೆಂತ್ಯ ಕಡುಬು:

ಸಿಸ್ಟರ್ ಉತ್ತರ ಕೊಡುವ ಮೊದಲು ನನ್ನದೊಂದು. ಮೆಂತ್ಯ ತುಂಬಾ ತಿನ್ನುತ್ತಿದ್ದರೆ ನಿಮ್ಮ ಬೆವರು, ಉಚ್ಚೆ ಒಂಥರಾ ಸುಟ್ಟ ಸಕ್ಕರೆಯ ವಾಸನೆ ಬರುತ್ತದೆ, ಮಗುವಿನದ್ದೂ ಬರಬಹುದು. ಅದು ಮೆಂತ್ಯದಲ್ಲಿರುವ ಸೊಟೊಲೋನ್ ಎಂಬ ವಸ್ತುವಿನದ್ದು. ಇದೇ ಥರದ ವಾಸನೆ ಬರುವ ಒಂದು ಅಪರೂಪದ ಹುಟ್ಟು ಕಾಯಿಲೆಯೂ ಇದೆ, ಹಾಗಾಗಿ ಡಾಕ್ಟರ್ ಹತ್ತಿರ ಹೋದರೆ "ನಾನು ಮೆಂತ್ಯ ತಿನ್ನುತ್ತೇನೆ" ಅಂತ ಮೊದಲೇ ಹೇಳಿಬಿಡಿ. ನನ್ನ ನಾದಿನಿಯ ಮಗುವಿನ ಲಂಗೋಟಿ ವಾಸನೆಗೆ ಮನೆಯವರೆಲ್ಲ ಗಾಬರಿಯಾಗಿದ್ದರು, ಅವಳು ತಿನ್ನುತ್ತಿದ್ದದ್ದು ದಿನಾ ಮೆಂತ್ಯದ ಉಂಡೆ.

ವಾರ್ಡ್ ಸಿಸ್ಟರ್:

ಕೋಸಿನ ಗ್ಯಾಸ್ ಆಗುವುದು ನಿಮ್ಮ ದೊಡ್ಡ ಕರುಳಿನಲ್ಲಿ, ನಾರಿನ ಅಂಶದಿಂದ. ಆ ನಾರೂ ರಕ್ತಕ್ಕೆ ಹೋಗುವುದಿಲ್ಲ, ಗ್ಯಾಸೂ ಹಾಲಿಗೆ ಬರುವುದಿಲ್ಲ. ನಿಮಗೆ ಹೊಟ್ಟೆ ಉಬ್ಬರಿಸಿದರೆ ಕಡಿಮೆ ತಿನ್ನಿ, ಮಗುವಿಗೋಸ್ಕರ ಬಿಡಬೇಡಿ. ಬೇಳೆಯಂತೂ ಬೇಕೇ ಬೇಕು. ಹಾಲುಣಿಸುವಾಗ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕ್ಯಾಲೊರಿ ಜಾಸ್ತಿ ಬೇಕು ಅಂತ ನಮ್ಮ ದೇಶದ ಐಸಿಎಂಆರ್ ಲೆಕ್ಕವೇ ಹೇಳುತ್ತದೆ. ಅನ್ನ ತುಪ್ಪದಲ್ಲಿ ಕ್ಯಾಲೊರಿ ತುಂಬಬಹುದು, ಉಳಿದದ್ದು ತುಂಬುವುದಿಲ್ಲ.

ಹಾಲು ಮೊಸರು ಧಾರಾಳವಾಗಿ ತಿನ್ನಿ. ಒಂದೇ ಒಂದು ಎಚ್ಚರ. ಕೆಲವೇ ಕೆಲವು ಮಕ್ಕಳಿಗೆ ಹಸುವಿನ ಹಾಲಿನ ಪ್ರೋಟೀನ್ ಅಲರ್ಜಿ ಇರುತ್ತದೆ, ಅಮ್ಮ ಕುಡಿದ ಹಾಲಿನ ಪ್ರೋಟೀನ್ ತೀರಾ ಸ್ವಲ್ಪ ಪ್ರಮಾಣದಲ್ಲಿ ಎದೆಹಾಲಿಗೆ ಬಂದರೂ ಅವರಿಗೆ ತೊಂದರೆ ಆಗುತ್ತದೆ. ಮಲದಲ್ಲಿ ರಕ್ತದ ಎಳೆ, ಲೋಳೆ, ಮೈಮೇಲೆ ಬಿಡದ ಗಂದೆ, ತೂಕ ಏರದಿರುವುದು, ಇವು ಅದರ ಗುರುತು. ಬರೀ ಸಂಜೆಯ ಅಳು ಅದರ ಗುರುತಲ್ಲ. ಅನುಮಾನ ಬಂದರೆ ಮಕ್ಕಳ ಡಾಕ್ಟರ್ ಹೇಳಿದ ಮೇಲೆ ಹಾಲು ಬಿಟ್ಟು ನೋಡಿ, ನೀವೇ ತೀರ್ಮಾನ ಮಾಡಬೇಡಿ.

ಕಾಫಿ ಬಿಡಬೇಕಾಗಿಲ್ಲ. ಕೆಫೀನ್ ಹಾಲಿಗೆ ಬರುವುದು ನಿಜ, ಸಣ್ಣ ಮಗುವಿನ ದೇಹ ಅದನ್ನು ಹೊರಹಾಕುವುದು ಬಹಳ ನಿಧಾನ. ದಿನಕ್ಕೆ 200 ಮಿಲಿಗ್ರಾಂ ಒಳಗೆ ಇದ್ದರೆ ಸಾಕು. ಮನೆಯ ಸಣ್ಣ ಲೋಟದಲ್ಲಿ ಬೆಳಗ್ಗೆ ಒಂದು, ಮಧ್ಯಾಹ್ನ ಒಂದು ಕುಡಿಯಿರಿ, ಡಿಕಾಕ್ಷನ್ ಗಟ್ಟಿ ಬೇಡ. ಟೀ ಕುಡಿದರೆ ಅದೂ ಲೆಕ್ಕಕ್ಕೆ ಸೇರುತ್ತದೆ. ಮಗು ನಿದ್ದೆ ಮಾಡದೆ ಕಣ್ಣು ಬಿಟ್ಟುಕೊಂಡೇ ಇದ್ದರೆ ಒಂದು ವಾರ ಇನ್ನೂ ಕಡಿಮೆ ಮಾಡಿ ನೋಡಿ, ವ್ಯತ್ಯಾಸ ಕಂಡರೆ ಇಲ್ಲಿ ಬರೆಯಿರಿ.